ಅಳಿಸಿದ ಸಹಿ: ಛಾಯಾಚಿತ್ರದಿಂದ ಹುಟ್ಟಿದ ಕಲೆ ಯಾರ ಸ್ವತ್ತು?

1889ರಲ್ಲಿ ಹಾಲೆಂಡಿನ ಲೈಡನ್ ನಗರದಿಂದ ಮಕ್ಕಾದ ಚಿತ್ರಗಳ ಸಂಪುಟವೊಂದು ಪ್ರಕಟವಾಯಿತು. ಮುಖಪುಟದಲ್ಲಿದ್ದುದು ಡಚ್ ವಿದ್ವಾಂಸ ಸ್ನೂಕ್ ಹರ್ಗ್ರೋನ್ಯೆಯ ಹೆಸರು. ಮುಸ್ಲಿಮೇತರರಿಗೆ ಪ್ರವೇಶವಿಲ್ಲದ ನಗರದ ದೃಶ್ಯಗಳನ್ನು, ಹಜ್ಜ್ ಯಾತ್ರಿಕರನ್ನು, ಅವರ ಬಿಡಾರಗಳನ್ನು ಯುರೋಪಿನ ಓದುಗರು ಬೆರಗಿನಿಂದ ನೋಡಿದರು. ಆದರೆ ಸ್ನೂಕ್ ಹಜ್ಜನ್ನು ಕಣ್ಣಾರೆ ಕಂಡವನಲ್ಲ. 1885ರ ಆರಂಭದಲ್ಲಿ ಮಕ್ಕಾಕ್ಕೆ ಹೋದ ಆತನನ್ನು ಅದೇ ವರ್ಷ ಆಗಸ್ಟ್‌ನಲ್ಲಿ, ಹಜ್ಜ್ ಇನ್ನೂ ಕೆಲವು ವಾರ ದೂರವಿದ್ದಾಗಲೇ, ಉಸ್ಮಾನೀ ಅಧಿಕಾರಿಗಳು ನಗರದಿಂದ ಹೊರಹಾಕಿದ್ದರು.

ಹಾಗಿದ್ದರೆ ಆ ಚಿತ್ರಗಳನ್ನು ತೆಗೆದವರು ಯಾರು? ಮಕ್ಕಾದ ಒಬ್ಬ ವೈದ್ಯ, ಸಯ್ಯಿದ್ ಅಬ್ದುಲ್ ಗಫ್ಫಾರ್. ಸ್ನೂಕ್ ಅವರಿಗೆ ಛಾಯಾಗ್ರಹಣ ಕಲಿಸಿದ್ದ. ಹೊರಡುವಾಗ ತನ್ನ ಕ್ಯಾಮೆರಾ ಸಲಕರಣೆಗಳನ್ನು ಅವರ ಬಳಿಯೇ ಬಿಟ್ಟಿದ್ದ. ಮುಂದಿನ ವರ್ಷಗಳಲ್ಲಿ ವೈದ್ಯರು ತೆಗೆದ ಚಿತ್ರಗಳು ಜಿದ್ದಾದ ಡಚ್ ಕಾನ್ಸುಲೇಟಿನ ಮೂಲಕ ಲೈಡನ್ ತಲುಪಿದವು. ತಾವು ತೆಗೆದ ಚಿತ್ರದ ಮೇಲೆ ತಮ್ಮ ಹೆಸರನ್ನೂ ತಾವು ಮಕ್ಕಾದ ವೈದ್ಯರೆಂಬುದನ್ನೂ ಅರಬಿ ಲಿಪಿಯಲ್ಲಿ ಅಂದವಾಗಿ ಬರೆಯುವುದು ಅವರ ಅಭ್ಯಾಸವಾಗಿತ್ತು. ಅಚ್ಚಾದ ಸಂಪುಟದಲ್ಲಿ ಆ ಬರಹ ಕಾಣುವುದಿಲ್ಲ. ಮುದ್ರಣಕ್ಕೆ ಮೊದಲೇ ಅದನ್ನು ಅಳಿಸಲಾಗಿತ್ತು. ಸ್ನೂಕ್ ಇಸ್ಲಾಮ್ ಸ್ವೀಕರಿಸಿದ್ದಾಗಿ ಹೇಳಿ ತನಗಿಟ್ಟುಕೊಂಡಿದ್ದ ಹೆಸರು ಕೂಡ ಅಬ್ದುಲ್ ಗಫ್ಫಾರ್ ಎಂದೇ! ಹೀಗೆ ಒಬ್ಬನ ಕೃತಿಯೂ ಹೆಸರೂ ಇನ್ನೊಬ್ಬನಲ್ಲಿ ಕರಗಿಹೋದವು. ಮಕ್ಕಾದ ಮೊದಲ ಸ್ಥಳೀಯ ಛಾಯಾಗ್ರಾಹಕನನ್ನು ಸಂಶೋಧಕರು ಸರಿಯಾಗಿ ಗುರುತಿಸುವ ಹೊತ್ತಿಗೆ ಸುಮಾರು ಒಂದು ಶತಮಾನವೇ ಕಳೆದಿತ್ತು.

ಇದನ್ನು ಕೇವಲ ವಸಾಹತುಶಾಹಿ ಕಾಲದ ಒಂದು ಅನ್ಯಾಯವೆಂದು ಬದಿಗಿಡುವಂತಿಲ್ಲ. ಒಬ್ಬರು ತೆಗೆದ ಛಾಯಾಚಿತ್ರವನ್ನು ಇಟ್ಟುಕೊಂಡು ಇನ್ನೊಬ್ಬರು ವರ್ಣಚಿತ್ರ, ಭಿತ್ತಿಪತ್ರ, ಶಿಲ್ಪ, ಕ್ಯಾಲೆಂಡರ್, ಪುಸ್ತಕ ಏನನ್ನೇ ಮಾಡಿದಾಗಲೂ ಇದೇ ಪ್ರಶ್ನೆ ಏಳುತ್ತದೆ. ಹೊಸ ಕೃತಿಯ ಸ್ವಂತಿಕೆ ಎಲ್ಲಿಂದ ಶುರುವಾಗುತ್ತದೆ? ಮೂಲ ಚಿತ್ರದವನಿಗೆ ಸಲ್ಲಬೇಕಾದ್ದು ಏನು? ಕಳೆದ ನೂರೈವತ್ತು ವರ್ಷಗಳಲ್ಲಿ ನ್ಯಾಯಾಲಯಗಳೂ ಕಲಾವಿದರೂ ಉಲಮಾಗಳೂ ಈ ಪ್ರಶ್ನೆಗೆ ಮುಖಾಮುಖಿಯಾಗಿದ್ದಾರೆ. ಆ ಚರಿತ್ರೆಯ ಕೆಲವು ಪುಟಗಳನ್ನು ನಾವಿಲ್ಲಿ ತಿರುವಿ ನೋಡೋಣ.

ನೆರಳು ಹಿಡಿದವನು ಸೃಷ್ಟಿಕರ್ತನೇ?

1882ರಲ್ಲಿ ಐರಿಷ್ ಸಾಹಿತಿ ಆಸ್ಕರ್ ವೈಲ್ಡ್ ಉಪನ್ಯಾಸ ಪ್ರವಾಸಕ್ಕೆಂದು ಅಮೆರಿಕಕ್ಕೆ ಬಂದಾಗ ನ್ಯೂಯಾರ್ಕಿನ ನೆಪೋಲಿಯನ್ ಸರೋನಿ ಎಂಬ ಛಾಯಾಗ್ರಾಹಕ ತನ್ನ ಸ್ಟುಡಿಯೋದಲ್ಲಿ ಅವನ ಚಿತ್ರಗಳನ್ನು ತೆಗೆದ. ಒಂದು ಕಲ್ಲಚ್ಚು ಕಂಪೆನಿ ಅವುಗಳಲ್ಲೊಂದನ್ನು ನಕಲು ಮಾಡಿ ಜಾಹೀರಾತಿಗಾಗಿ 85,000 ಪ್ರತಿಗಳನ್ನು ಮುದ್ರಿಸಿತು. ಸರೋನಿ ದಾವೆ ಹೂಡಿದ. ಕಂಪೆನಿಯ ವಾದ ಸರಳವಾಗಿತ್ತು: ಚಿತ್ರ ಬರೆದದ್ದು ಬೆಳಕು ಮತ್ತು ಯಂತ್ರ, ಎದುರಿಗಿದ್ದುದು ಅದರಲ್ಲಿ ಮೂಡಿತು, ಅಷ್ಟೆ. ಇದಕ್ಕೆ ಕರ್ತೃ ಎಂದು ಒಬ್ಬನಿರಲು ಸಾಧ್ಯವೇ ಇಲ್ಲ.

1884ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ವೈಲ್ಡ್‌ನನ್ನು ಹೇಗೆ ಕೂರಿಸಬೇಕು, ಯಾವ ಉಡುಪು, ಹಿಂದೆ ಎಂಥ ಪರದೆ, ಬೆಳಕು ಎತ್ತಲಿಂದ ಬೀಳಬೇಕು, ಮುಖದಲ್ಲಿ ಯಾವ ಭಾವ ಮೂಡಬೇಕು ಎಂಬುದನ್ನೆಲ್ಲ ನಿರ್ಧರಿಸಿದವನು ಸರೋನಿ. ಆದ್ದರಿಂದ ಅವನೇ ಕರ್ತೃ ಎಂದಿತು. ತೀರಾ ಸಾಮಾನ್ಯ ಛಾಯಾಚಿತ್ರಗಳಿಗೂ ಇದು ಅನ್ವಯಿಸುತ್ತದೆಯೇ ಎಂಬುದನ್ನು ಮಾತ್ರ ಆ ಪೀಠ ತೀರ್ಮಾನಿಸದೆ ಬಿಟ್ಟಿತು. ಬ್ರಿಟನ್ ಇದಕ್ಕೂ ಮೊದಲೇ, 1862ರ ಕಾಯಿದೆಯಲ್ಲಿ, ವರ್ಣಚಿತ್ರ ಮತ್ತು ರೇಖಾಚಿತ್ರಗಳ ಸಾಲಿನಲ್ಲೇ ಛಾಯಾಚಿತ್ರಕ್ಕೂ ರಕ್ಷಣೆ ಕೊಟ್ಟಿತ್ತು.

ಇಲ್ಲಿ ಒಂದು ಕುತೂಹಲದ ಸಂಗತಿಯಿದೆ. ಮುಂದೆ ಮುಸ್ಲಿಮ್ ಜಗತ್ತಿನಲ್ಲಿ ಛಾಯಾಗ್ರಹಣ ಅನುವದನೀಯವೇ ಎಂಬ ಚರ್ಚೆ ಎದ್ದಾಗ ಈಜಿಪ್ಟಿನ ಮುಫ್ತಿಯಾಗಿದ್ದ ಶೈಖ್ ಮುಹಮ್ಮದ್ ಬಖೀತ್ ಅಲ್ ಮುತೀಈ ಅದನ್ನು ಸಮರ್ಥಿಸಿ ಒಂದು ಪ್ರಬಂಧ ಬರೆದರು. ಛಾಯಾಗ್ರಾಹಕ ಜೀವಿಯ ರೂಪವನ್ನು ಹೊಸದಾಗಿ ಸೃಷ್ಟಿಸುವುದಿಲ್ಲ, ಅಲ್ಲಾಹನು ಸೃಷ್ಟಿಸಿದ ರೂಪದ ನೆರಳನ್ನು ಹಿಡಿದಿಡುತ್ತಾನೆ, ಆದ್ದರಿಂದ ನಿಷೇಧಿತ ಚಿತ್ರರಚನೆಗೆ ಇದನ್ನು ಹೋಲಿಸಲಾಗದು ಎಂಬುದು ಅವರ ವಾದದ ತಿರುಳು. ಅಂದರೆ ಅಮೆರಿಕದ ಕೋರ್ಟು ಛಾಯಾಗ್ರಾಹಕ ಏನನ್ನೋ ಸೃಷ್ಟಿಸಿದ್ದಾನೆಂದು ಹೇಳಿ ಅವನಿಗೆ ಹಕ್ಕು ಕೊಟ್ಟರೆ, ಕೈರೋದ ವಿದ್ವಾಂಸರು ಅವನು ಸೃಷ್ಟಿಸುವುದಿಲ್ಲವೆಂದು ಹೇಳಿ ಅವನಿಗೆ ಅನುಮತಿ ಕೊಟ್ಟರು.

ಮೇಲ್ನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧ. ಆದರೆ ಸ್ವಲ್ಪ ಆಲೋಚಿಸಿದರೆ ಎರಡಕ್ಕೂ ಎಡೆಯಿದೆ ಎಂದು ನಮಗನಿಸುತ್ತದೆ. ಮುಖ ಛಾಯಾಗ್ರಾಹಕನದ್ದಲ್ಲ, ಬೆಟ್ಟ ಅವನದ್ದಲ್ಲ, ಕಅಬಾ ಖಂಡಿತ ಅವನದ್ದಲ್ಲ. ಆದರೆ ಇಂಥ ಕ್ಷಣದಲ್ಲಿ, ಇಂಥ ಜಾಗದಲ್ಲಿ ನಿಂತು, ಇಂಥ ಬೆಳಕಿನಲ್ಲಿ ಆ ನೆರಳನ್ನು ಹಿಡಿದ ಆಯ್ಕೆ ಅವನದ್ದು. ಇಂದಿನ ಕಾನೂನು ಕಾಪಾಡುವುದು ಈ ಆಯ್ಕೆಯನ್ನೇ. ಯಾರು ಬೇಕಾದರೂ ಅದೇ ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ಬರೆಯಬಹುದು, ಅದೇ ಬೆಟ್ಟಕ್ಕೆ ಹೋಗಿ ಚಿತ್ರಿಸಬಹುದು. ಆದರೆ ಇನ್ನೊಬ್ಬನ ಛಾಯಾಚಿತ್ರವನ್ನೇ ಎದುರಿಗಿಟ್ಟು ಅದೇ ಭಂಗಿ, ಅದೇ ಕೋನ, ಅದೇ ನೆರಳು ಬೆಳಕನ್ನು ಕುಂಚದಿಂದ ಎತ್ತಿಕೊಂಡಾಗ, ಎತ್ತಿಕೊಂಡದ್ದು ಬೆಟ್ಟವನ್ನಲ್ಲ, ಆ ಮನುಷ್ಯನ ಆಯ್ಕೆಯನ್ನು. ಮಾಧ್ಯಮ ಬದಲಾಗಿದೆ ಎಂಬುದು ಇದಕ್ಕೆ ಪೂರ್ತಿ ಉತ್ತರವಾಗುವುದಿಲ್ಲ.

ಹರಿದು ಹಾಕಿದ ಅಂಚು

ಈ ಮಾತು ಸ್ಪಷ್ಟವಾಗಲು ಅಮೆರಿಕದ್ದೇ ಇನ್ನೊಂದು ಪ್ರಕರಣ ನೋಡಬಹುದು. 1980ರಲ್ಲಿ ಆರ್ಟ್ ರೋಜರ್ಸ್ ಎಂಬ ಛಾಯಾಗ್ರಾಹಕ ಗಂಡ ಹೆಂಡತಿ ಬೆಂಚಿನ ಮೇಲೆ ಕುಳಿತು ತೋಳತುಂಬ ಎಂಟು ನಾಯಿಮರಿಗಳನ್ನು ಹಿಡಿದಿರುವ ಕಪ್ಪು ಬಿಳುಪು ಚಿತ್ರ ತೆಗೆದ. ಅದು ಶುಭಾಶಯ ಕಾರ್ಡಿನ ಮೇಲೆ ಅಚ್ಚಾಗಿತ್ತು. ಪ್ರಖ್ಯಾತ ಕಲಾವಿದ ಜೆಫ್ ಕೂನ್ಸ್ ಆ ಕಾರ್ಡನ್ನು ಕೊಂಡು, ಹಕ್ಕುಸ್ವಾಮ್ಯದ ಸೂಚನೆಯಿದ್ದ ಭಾಗವನ್ನು ಹರಿದು ತೆಗೆದು, ಇಟಲಿಯ ಕುಶಲಕರ್ಮಿಗಳಿಗೆ ಕಳುಹಿಸಿ ಅದರಂತೆಯೇ ಮರದ ಬಣ್ಣದ ಶಿಲ್ಪ ಮಾಡಿಸಿದ. ಮೂರು ಪ್ರತಿಗಳು ಒಟ್ಟು 3,67,000 ಡಾಲರಿಗೆ ಮಾರಾಟವಾದವು. ಗ್ರಾಹಕ ಸಂಸ್ಕೃತಿಯ ಟೊಳ್ಳುತನವನ್ನು ಅಣಕಿಸಲು ಹೀಗೆ ಮಾಡಿದೆನೆಂದು ಕೂನ್ಸ್ ವಾದಿಸಿದ. 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಸಮಾಜವನ್ನು ಒಟ್ಟಾರೆ ಅಣಕಿಸಲು ರೋಜರ್ಸ್‌ನ ಚಿತ್ರವನ್ನೇ ಹಾಗೆ ಎತ್ತಿಕೊಳ್ಳುವ ಅಗತ್ಯವಿರಲಿಲ್ಲ ಎಂಬುದು ತೀರ್ಪಿನ ಸಾರ.

ಅದೇ ಕೂನ್ಸ್ 2006ರಲ್ಲಿ ಅದೇ ನ್ಯಾಯಾಲಯದಲ್ಲಿ ಗೆದ್ದದ್ದೂ ಉಂಟು. ಫ್ಯಾಷನ್ ಪತ್ರಿಕೆಯೊಂದರಲ್ಲಿದ್ದ ಆಂಡ್ರಿಯಾ ಬ್ಲಾಂಚ್ ಅವರ ಛಾಯಾಚಿತ್ರದಿಂದ ಹೆಣ್ಣಿನ ಕಾಲುಗಳನ್ನಷ್ಟೇ ಬಿಡಿಸಿಕೊಂಡು, ದಿಕ್ಕು ಬಣ್ಣಗಳನ್ನು ಬದಲಿಸಿ, ಬೇರೆ ಹಲವು ಚಿತ್ರಗಳ ಜೊತೆ ದೊಡ್ಡ ವರ್ಣಚಿತ್ರದೊಳಗೆ ಸೇರಿಸಿದ್ದನ್ನು ಕೋರ್ಟು ಹೊಸ ಅರ್ಥ ಕೊಡುವ ಬಳಕೆಯೆಂದು ಒಪ್ಪಿತು. ಆದ್ದರಿಂದ ಛಾಯಾಚಿತ್ರವನ್ನು ಮುಟ್ಟಲೇಬಾರದು ಎಂದು ಕಾನೂನು ಎಲ್ಲೂ ಹೇಳಿಲ್ಲ. ಪಡಿಯಚ್ಚು ಬೇರೆ, ಹೊಸ ಅಡಿಗೆಗೆ ಬಳಸಿದ ಒಂದು ಪದಾರ್ಥ ಬೇರೆ ಎಂದಷ್ಟೇ ಹೇಳಿದೆ.

ಬರಾಕ್ ಒಬಾಮಾ 2008ರ ಚುನಾವಣೆಯಲ್ಲಿ ನಿಂತಾಗ ಕೆಂಪು ನೀಲಿ ಬಣ್ಣಗಳ ಒಂದು ಭಿತ್ತಿಚಿತ್ರ ಜಗತ್ತಿನಾದ್ಯಂತ ಹರಡಿದ್ದು ಓದುಗರಿಗೆ ನೆನಪಿರಬಹುದು. ಅದನ್ನು ಮಾಡಿದ ಶೆಪರ್ಡ್ ಫೇರಿ ಮನೆಮಾತಾದ. ಅದಕ್ಕೆ ಆಧಾರವಾದದ್ದು 2006ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಗಾಗಿ ಮ್ಯಾನಿ ಗಾರ್ಸಿಯಾ ತೆಗೆದ ಛಾಯಾಚಿತ್ರ. 2009ರಲ್ಲಿ ವಿವಾದ ಕೋರ್ಟಿಗೆ ಹೋದಾಗ ಫೇರಿ ತಾನು ಬಳಸಿದ್ದು ಬೇರೆ ಚಿತ್ರವೆಂದು ಹೇಳಿ, ಸಾಕ್ಷ್ಯವಾಗಬಹುದಾದ ಕಡತಗಳನ್ನು ಅಳಿಸಿಹಾಕಿದ. 2011ರಲ್ಲಿ ಸಿವಿಲ್ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಸುಳ್ಳು ಮಾತ್ರ ಮುಗಿಯಲಿಲ್ಲ. ಅದಕ್ಕಾಗಿ 2012ರಲ್ಲಿ ಆತನಿಗೆ ಎರಡು ವರ್ಷಗಳ ನಿಗಾವಣೆ ಮತ್ತು 25,000 ಡಾಲರ್ ದಂಡ ವಿಧಿಸಲಾಯಿತು. ಗಮನಿಸಬೇಕಾದ ಅಂಶವೆಂದರೆ, ಆ ಭಿತ್ತಿಚಿತ್ರ ನ್ಯಾಯಸಮ್ಮತ ಬಳಕೆಯೇ ಅಲ್ಲವೇ ಎಂಬುದು ತೀರ್ಪಾಗಲೇ ಇಲ್ಲ. ಅವನನ್ನು ಶಿಕ್ಷೆಗೆ ಗುರಿಮಾಡಿದ್ದು ಮೂಲವನ್ನು ಮುಚ್ಚಿಟ್ಟದ್ದು.

2023ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇತ್ಯರ್ಥಗೊಳಿಸಿದ ವಾರ್ಹಾಲ್ ಪ್ರಕರಣದಲ್ಲೂ ಇದೇ ಎಳೆ ಕಾಣುತ್ತದೆ. ಗಾಯಕ ಪ್ರಿನ್ಸ್‌ನ ಚಿತ್ರವನ್ನು ಲಿನ್ ಗೋಲ್ಡ್‌ಸ್ಮಿತ್ ಎಂಬ ಛಾಯಾಗ್ರಾಹಕಿ 1981ರಲ್ಲಿ ತೆಗೆದಿದ್ದರು. 1984ರಲ್ಲಿ ಒಂದು ಪತ್ರಿಕೆ 400 ಡಾಲರ್ ಕೊಟ್ಟು, ಒಂದೇ ಬಾರಿಯ ಬಳಕೆಗೆಂದು ಒಪ್ಪಂದ ಮಾಡಿಕೊಂಡು, ಅದನ್ನು ಆಧರಿಸಿ ಚಿತ್ರ ಬರೆಯಲು ಆಂಡಿ ವಾರ್ಹಾಲ್‌ಗೆ ಹೇಳಿತು. ಆಗ ಗೋಲ್ಡ್‌ಸ್ಮಿತ್ ಹೆಸರು ಅಚ್ಚಾಗಿತ್ತು. ಆದರೆ ವಾರ್ಹಾಲ್ ಒಂದರ ಬದಲು 16 ಚಿತ್ರಗಳನ್ನು ಮಾಡಿದ್ದ. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಅದೇ ಪ್ರಕಾಶನ ಸಂಸ್ಥೆ ವಾರ್ಹಾಲ್ ಪ್ರತಿಷ್ಠಾನಕ್ಕೆ 10,000 ಡಾಲರ್ ಕೊಟ್ಟು ಇನ್ನೊಂದು ಚಿತ್ರವನ್ನು ಮುಖಪುಟದಲ್ಲಿ ಹಾಕಿತು. ಗೋಲ್ಡ್‌ಸ್ಮಿತ್‌ಗೆ ಹಣವೂ ಇಲ್ಲ, ಹೆಸರೂ ಇಲ್ಲ. ಏಳು ನ್ಯಾಯಾಧೀಶರು ಆಕೆಯ ಪರ ನಿಂತರು. ಎರಡು ಚಿತ್ರಗಳೂ ಪತ್ರಿಕೆಯಲ್ಲಿ ಪ್ರಿನ್ಸ್‌ನನ್ನು ತೋರಿಸುವ ಒಂದೇ ಕೆಲಸಕ್ಕೆ ಬಳಕೆಯಾದವೆಂಬುದು ಅವರ ಕಾರಣ. ಭಿನ್ನಮತದ ಇಬ್ಬರು, ಕಲೆ ಯಾವತ್ತೂ ಹಿಂದಿನವರ ಮೇಲೆ ಕಟ್ಟಿಕೊಂಡೇ ಬೆಳೆದದ್ದು, ಬಾಗಿಲು ಮುಚ್ಚಬಾರದು ಎಂದು ಎಚ್ಚರಿಸಿದರು. ಆ ಎಚ್ಚರಿಕೆಯೂ ಸುಳ್ಳಲ್ಲ.

ಕೊರ್ಡಾ ಕೇಳಿದ್ದೇನು?

ಬಾಗಿಲು ಮುಚ್ಚಬಾರದು ಎಂಬುದಕ್ಕೆ ಅತ್ಯುತ್ತಮ ನಿದರ್ಶನ ಚೆ ಗುವಾರನ ಚಿತ್ರ. 1960ರ ಮಾರ್ಚ್ 5ರಂದು ಹವಾನಾದಲ್ಲಿ, ಹಡಗು ಸ್ಫೋಟದಲ್ಲಿ ಮಡಿದವರ ಸ್ಮರಣಾರ್ಥ ನಡೆದ ಸಭೆಯಲ್ಲಿ ಕ್ಯೂಬಾದ ಆಲ್ಬರ್ಟೊ ಕೊರ್ಡಾ ಅದನ್ನು ತೆಗೆದ. 1967ರಲ್ಲಿ ಇಟಲಿಯ ಪ್ರಕಾಶಕ ಫೆಲ್ಟ್ರಿನೆಲ್ಲಿಗೆ ಎರಡು ಪ್ರತಿಗಳನ್ನು ಹಣ ಪಡೆಯದೆ ಕೊಟ್ಟ. ಅದೇ ವರ್ಷ ಚೆ ಹತ್ಯೆಯಾದಾಗ ಅದು ಭಿತ್ತಿಚಿತ್ರವಾಗಿ ಯುರೋಪಿನ ಬೀದಿಗಳಿಗೆ ಬಂತು. 1968ರಲ್ಲಿ ಐರ್ಲೆಂಡಿನ ಕಲಾವಿದ ಜಿಮ್ ಫಿಟ್ಜ್‌ಪ್ಯಾಟ್ರಿಕ್ ಅದನ್ನು ಕೆಂಪು ಕಪ್ಪಿನ ಸರಳ ರೂಪಕ್ಕೆ ಇಳಿಸಿದ. ನಮ್ಮೂರುಗಳ ಅಂಗಿ, ಆಟೋರಿಕ್ಷಾಗಳ ಮೇಲೂ ಕಾಣುವ ಮುಖ ಬಹುಪಾಲು ಆ ವಂಶದ್ದೇ.

ಕೊರ್ಡಾ ದಶಕಗಳ ಕಾಲ ಬಿಡಿಗಾಸು ಪಡೆಯಲಿಲ್ಲ, ಪಡೆಯಬೇಕೆಂದು ಹಟ ಹಿಡಿಯಲೂ ಇಲ್ಲ. ಚೆಯ ಆದರ್ಶ ಹರಡುವವರ ಬಗ್ಗೆ ಆತನಿಗೆ ತಕರಾರಿರಲಿಲ್ಲ. ಆದರೆ ಬ್ರಿಟನ್ನಿನಲ್ಲಿ ವೋಡ್ಕಾ ಜಾಹೀರಾತಿಗೆ ಆ ಚಿತ್ರ ಬಳಕೆಯಾದಾಗ 2000ದಲ್ಲಿ ಆತ ದಾವೆ ಹೂಡಿದ. ರಾಜಿಯಲ್ಲಿ ಸಿಕ್ಕ 50,000 ಡಾಲರನ್ನು ಕ್ಯೂಬಾದ ಮಕ್ಕಳ ಔಷಧಕ್ಕೆಂದು ಕೊಟ್ಟುಬಿಟ್ಟ. ಮರುವರ್ಷ ತೀರಿಕೊಂಡ. ಹಕ್ಕು ಎಂದರೆ ಹಣದ ಆಸೆ ಮಾತ್ರ ಎಂದು ಭಾವಿಸುವವರು ಈ ಘಟನೆಯನ್ನು ಗಮನಿಸಬೇಕು. ತಾನು ಹಿಡಿದ ನೆರಳು ಯಾವುದಕ್ಕೆ ಸೇವೆ ಸಲ್ಲಿಸುತ್ತಿದೆ ಎಂದು ಕೇಳುವ ಅಧಿಕಾರವೂ ಹಕ್ಕಿನ ಒಂದು ಭಾಗ.

ನಮ್ಮ ಗೋಡೆ, ನಮ್ಮ ಕಿಸೆ

ದೂರದ ದೇಶಗಳ ಮಾತು ಸಾಕು. ನಮ್ಮ ಮನೆಗಳತ್ತ ನೋಡೋಣ. ಮಕ್ಕಾ ಮದೀನಾದ ಬಣ್ಣದ ಚಿತ್ರವಿಲ್ಲದ ಮುಸ್ಲಿಮ್ ಮನೆ, ಅಂಗಡಿ ನಮ್ಮಲ್ಲಿ ವಿರಳ. ಮದೀನಾದ ಇಂದು ಲಭ್ಯವಿರುವ ಅತ್ಯಂತ ಹಳೆಯ ಛಾಯಾಚಿತ್ರಗಳನ್ನು 1861ರಲ್ಲಿ, ಮಕ್ಕಾದ ಚಿತ್ರಗಳನ್ನು 1880ರಲ್ಲಿ ತೆಗೆದವರು ಈಜಿಪ್ಟಿನ ಸೇನಾಧಿಕಾರಿ ಮುಹಮ್ಮದ್ ಸಾದಿಕ್ ಬೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ದಿಲ್ಲಿಯ ಚಾಂದನಿ ಚೌಕದ ಎಚ್.ಎ. ಮಿರ್ಜಾ ಆ್ಯಂಡ್ ಸನ್ಸ್ ಹಜ್ಜ್‌ನ ಛಾಯಾಚಿತ್ರಗಳನ್ನು ಪ್ರಕಟಿಸಿತು. ಮುಂದೆ ಕ್ಯಾಲೆಂಡರ್ ಕಲಾವಿದರು ಇಂಥ ಛಾಯಾಚಿತ್ರಗಳನ್ನು ಕತ್ತರಿಸಿ ಜೋಡಿಸಿ, ಹಸಿರು ಗುಂಬಜಿಗೆ ಗಾಢ ಬಣ್ಣ ಹಚ್ಚಿ, ಮೇಲೆ ಚಂದ್ರನನ್ನೂ ಕೆಳಗೆ ಗುಲಾಬಿಯನ್ನೂ ಇಟ್ಟು ಭಕ್ತಿಯ ಹೊಸ ಲೋಕವೊಂದನ್ನೇ ಕಟ್ಟಿದರು. ಈ ಕಲೆಯ ಬಗ್ಗೆ 2012ರಲ್ಲಿ ಗ್ರಂಥ ಬರೆದ ಯೂಸುಫ್ ಸಯೀದ್ ಗುರುತಿಸಿರುವಂತೆ, ಇವುಗಳನ್ನು ಬರೆದವರಲ್ಲಿ, ಮುದ್ರಿಸಿದವರಲ್ಲಿ ಹಿಂದೂಗಳೂ ಬಹಳ ಮಂದಿ. ಎಷ್ಟು ಸೊಗಸಾದ ಸಹಬಾಳ್ವೆ! ಆದರೆ ಆ ಚಿತ್ರಗಳ ಅಡಿಯಲ್ಲಿ ಪ್ರಕಾಶಕನ ವಿಳಾಸ ಸಿಗುತ್ತದೆ. ಮೂಲ ಛಾಯಾಚಿತ್ರ ತೆಗೆದವನ ಹೆಸರು ಸಿಗುವುದಿಲ್ಲ.

ಇದು ಭಕ್ತಿಚಿತ್ರಗಳಿಗೆ ಸೀಮಿತವಾದ ಕೊರತೆಯಲ್ಲ. ನಮ್ಮೆಲ್ಲರ ಕಿಸೆಯಲ್ಲೂ ಅದಿದೆ. 1996ರಿಂದ ನೋಟುಗಳ ಮೇಲೆ ಬರುತ್ತಿರುವ ಗಾಂಧೀಜಿಯ ನಗುಮುಖ 1946ರ ಛಾಯಾಚಿತ್ರವೊಂದರಿಂದ ಬಿಡಿಸಿಕೊಂಡದ್ದು. ಬ್ರಿಟಿಷ್ ಸಚಿವ ಪೆಥಿಕ್ ಲಾರೆನ್ಸ್ ಪಕ್ಕದಲ್ಲಿ ಗಾಂಧೀಜಿ ನಿಂತಿದ್ದಾಗ ತೆಗೆದ ಚಿತ್ರವದು. ಕೋಟಿ ಕೋಟಿ ಪ್ರತಿಗಳಾಗಿ ಮುದ್ರಣಗೊಂಡ ಆ ನಗುವನ್ನು ಹಿಡಿದ ಛಾಯಾಗ್ರಾಹಕ ಯಾರೆಂಬುದು ಗುರುತಾಗಿಲ್ಲ. ರಾಜ್ಯೋತ್ಸವದ ಫ್ಲೆಕ್ಸ್‌ಗಳಲ್ಲಿ, ಶಾಲೆಯ ಗೋಡೆಗಳಲ್ಲಿ ನಮ್ಮ ಕವಿಗಳ ಚಿತ್ರ ಬರೆಯುವವರು ನೋಡಿಕೊಳ್ಳುವುದು ಯಾರೋ ತೆಗೆದ ಫೋಟೋವನ್ನೇ. ಆ ‘ಯಾರೋ’ ಎಂಬಲ್ಲಿ ನಾವು ನಿಂತುಬಿಡುತ್ತೇವೆ.

ಹಾಗೆಂದು ನಮ್ಮ ಕಾನೂನು ಮೌನವಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆ ಛಾಯಾಚಿತ್ರವನ್ನು, ಅದರಲ್ಲಿ ಕಲಾಗುಣ ಇರಲಿ ಬಿಡಲಿ, ಕಲಾಕೃತಿ ಎಂದೇ ಪರಿಗಣಿಸುತ್ತದೆ. ಅದನ್ನು ತೆಗೆದ ವ್ಯಕ್ತಿಯೇ ಕರ್ತೃ. ಸಮತಲ ಚಿತ್ರವನ್ನು ಶಿಲ್ಪವಾಗಿಸುವುದು ಕೂಡ ಕರ್ತೃವಿನ ಹಕ್ಕಿನ ವ್ಯಾಪ್ತಿಗೆ ಬರುತ್ತದೆ. ಮೊದಲು ಪ್ರಕಟಣೆಯಾಗಿ 50 ವರ್ಷ, 1992ರ ತಿದ್ದುಪಡಿಯ ನಂತರ 60 ವರ್ಷ ಇದ್ದ ಅವಧಿಯನ್ನು 2012ರಲ್ಲಿ ಇತರ ಕಲಾಕೃತಿಗಳಿಗೆ ಸಮನಾಗಿ ಛಾಯಾಗ್ರಾಹಕನ ಜೀವಿತಾವಧಿ ಮತ್ತು ಮರಣಾನಂತರದ 60 ವರ್ಷಕ್ಕೆ ಏರಿಸಲಾಯಿತು. ಹಣ ಕೊಟ್ಟು ತೆಗೆಸಿದ ಮದುವೆಯ ಫೋಟೋದಂಥ ಚಿತ್ರದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಮೊದಲ ಸ್ವಾಮ್ಯ ತೆಗೆಸಿದವರದ್ದು. ಆದರೆ 57ನೇ ಕಲಮಿನ ಪ್ರಕಾರ ಸ್ವಾಮ್ಯ ಕೈಬದಲಾದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿದೇ ಇರುತ್ತದೆ. ಸ್ವತ್ತು ಮಾರಾಟವಾಗಬಹುದು, ಹೆಸರು ಮಾರಾಟವಾಗುವುದಿಲ್ಲ!

ಸ್ವಂತಿಕೆಯ ಅಳತೆಗೋಲೂ ನಮ್ಮಲ್ಲಿದೆ. ವಿಷಯ ಯಾರ ಸ್ವತ್ತೂ ಅಲ್ಲ, ಅದನ್ನು ಅಭಿವ್ಯಕ್ತಿಸಿದ ರೀತಿಗೆ ಮಾತ್ರ ರಕ್ಷಣೆ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿತು. ಬೆವರು ಸುರಿಸಿದ ಮಾತ್ರಕ್ಕೆ ಕೃತಿ ಸ್ವಂತದ್ದಾಗದು, ವಿವೇಚನೆ ಮತ್ತು ಕನಿಷ್ಠ ಸೃಜನಶೀಲತೆಯಾದರೂ ಬೇಕು ಎಂದು 2007ರಲ್ಲಿ ಈಸ್ಟರ್ನ್ ಬುಕ್ ಕಂಪೆನಿಯ ಮೊಕದ್ದಮೆಯಲ್ಲಿ ಹೇಳಿತು. ಛಾಯಾಚಿತ್ರದ ಮೇಲೆ ಚೌಕ ಎಳೆದು ತಿಂಗಳುಗಟ್ಟಲೆ ಕೂತು ಹಾಗೆಯೇ ಇಳಿಸುವ ಕಲಾವಿದನ ಶ್ರಮ ದೊಡ್ಡದು. ಆದರೆ ಶ್ರಮ ಬೇರೆ, ಸ್ವಂತಿಕೆ ಬೇರೆ.

ಸನದ್ ಇಲ್ಲದ ಚಿತ್ರ

ಇಷ್ಟೆಲ್ಲ ತೀರ್ಪುಗಳನ್ನು ಓದಿದ ಮೇಲೂ ಎಷ್ಟು ಬದಲಿಸಿದರೆ ಹೊಸದು ಎಂಬುದಕ್ಕೆ ಖಚಿತ ಲೆಕ್ಕ ಸಿಗುವುದಿಲ್ಲ. ಇಷ್ಟು ಶೇಕಡಾ ಬದಲಿಸಿದರೆ ತೊಂದರೆಯಿಲ್ಲ ಎಂಬ ಮಾತು ಕಲಾವಿದರ ನಡುವೆ ಓಡಾಡುವುದುಂಟು. ಅಂಥ ನಿಯಮ ಯಾವ ಕಾಯಿದೆಯಲ್ಲೂ ಇಲ್ಲ. ಆದರೆ ಕಾನೂನು ತಡಕಾಡುವ ಜಾಗದಲ್ಲಿ ನಮ್ಮ ಪರಂಪರೆ ಒಂದು ದಾರಿ ತೋರಿಸುತ್ತದೆ.

ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮೊದಲು ಅದರ ಸನದನ್ನು ಕೇಳುತ್ತಿದ್ದರು. ಇದನ್ನು ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು ಎಂಬ ಹೆಸರುಗಳ ಸರಪಣಿಯದು. ತಾನು ಯಾರಿಂದ ಪಡೆದೆ ಎಂಬುದನ್ನು ಮರೆಮಾಚುವುದಕ್ಕೆ ಅವರು ತದ್ಲೀಸ್ ಎಂದು ಹೆಸರಿಟ್ಟು ದೋಷಗಳ ಪಟ್ಟಿಯಲ್ಲಿ ಸೇರಿಸಿದರು. ಕಲೆಯಲ್ಲೂ ಇದೇ ಶಿಸ್ತು ಇತ್ತು. ಉಸ್ಮಾನೀ ಮತ್ತು ಪಾರಸಿ ಅಕ್ಷರಕಲೆಯಲ್ಲಿ ಗುರುವಿನ ಬರಹವನ್ನು ಯಥಾವತ್ತಾಗಿ ನಕಲು ಮಾಡುವುದು ನಾಚಿಕೆಯ ಕೆಲಸವಾಗಿರಲಿಲ್ಲ, ಅದೇ ಶಿಕ್ಷಣವಾಗಿತ್ತು. ಆದರೆ ನಕಲು ಮಾಡಿದವನು ಇದು ಇಂಥವರ ಕೈಬರಹದಿಂದ ಎತ್ತಿಕೊಂಡದ್ದು ಎಂದು ಅಡಿಯಲ್ಲಿ ಬರೆದು, ಅನಂತರ ತನ್ನ ಹೆಸರು ಹಾಕುವ ರೂಢಿಯಿತ್ತು. ಇಬ್ಬರಿಗೂ ಮರ್ಯಾದೆ ಉಳಿಯುತ್ತಿತ್ತು. ಹೆಸರು ಹೇಳಿ ಮಾಡಿದ ನಕಲು ಪರಂಪರೆಯಾಗುತ್ತದೆ. ಹೆಸರು ಮರೆಸಿ ಮಾಡಿದ ನಕಲು ಕಳವಾಗುತ್ತದೆ.

ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ ಎಂಬುದೂ ನಿಜ. ಉಪಖಂಡದ ಕೆಲವು ಹಿರಿಯ ಉಲಮಾಗಳು, ಜ್ಞಾನದ ಹರಿವಿಗೆ ತಡೆಯಾಗಬಾರದೆಂಬ ಕಾಳಜಿಯಿಂದ, ಕೃತಿಸ್ವಾಮ್ಯವನ್ನು ಮಾರಬಹುದಾದ ಸ್ವತ್ತೆಂದು ಒಪ್ಪಿರಲಿಲ್ಲ. ಆದರೆ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ 1988ರ ಡಿಸೆಂಬರಿನಲ್ಲಿ ಕುವೈತಿನಲ್ಲಿ ಸೇರಿ, ಕೃತಿಕಾರರ ಹಾಗೂ ಆವಿಷ್ಕಾರಕರ ಹಕ್ಕುಗಳು ಶರೀಅತ್ ಮಾನ್ಯ ಮಾಡಿದ ಹಕ್ಕುಗಳು, ಅವುಗಳನ್ನು ಅತಿಕ್ರಮಿಸಬಾರದು ಎಂದು ನಿರ್ಣಯಿಸಿತು. ಆದ್ದರಿಂದ ಲಾಭದ ಕೆಲಸಕ್ಕೆ ಇನ್ನೊಬ್ಬರ ಛಾಯಾಚಿತ್ರ ಬಳಸುವವರು ಅನುಮತಿ ಕೇಳುವುದು, ಕೇಳಿದ ಸಂಭಾವನೆ ಕೊಡುವುದು ಕಾನೂನಿನ ಭಯಕ್ಕೆ ಮಾಡುವ ಕೆಲಸವಾಗಬಾರದು. ಅದು ಅಮಾನತ್ತು, ನಂಬಿ ಒಪ್ಪಿಸಿದ ಸ್ವತ್ತು. ಅವಧಿ ಮುಗಿದ ಹಳೆಯ ಚಿತ್ರಗಳಿಗೆ ಹಣ ಕೊಡಬೇಕಾಗಿಲ್ಲ. ಹೆಸರು ಹೇಳುವ ಋಣಕ್ಕೆ ಮಾತ್ರ ಅವಧಿಯಿಲ್ಲ.

ಈ ಮಾತು ಹಿಂದೆಂದಿಗಿಂತ ಇಂದು ಹೆಚ್ಚು ತುರ್ತಿನದು. ಕೋಟ್ಯಂತರ ಛಾಯಾಚಿತ್ರಗಳನ್ನು ನುಂಗಿ ಕ್ಷಣದಲ್ಲಿ ಹೊಸ ಚಿತ್ರ ಉಗುಳುವ ಕಂಪ್ಯೂಟರ್ ತಂತ್ರಾಂಶಗಳು ಬಂದಿವೆ. ಅಲ್ಲಿ ಅಳಿಸಿಹೋಗುವುದು ಒಬ್ಬ ವೈದ್ಯನ ಸಹಿಯಲ್ಲ, ಎಣಿಸಲಾಗದಷ್ಟು ಜನರ ಸಹಿ. ಅದನ್ನು ತಡೆಯುವ ಶಕ್ತಿ ಒಬ್ಬ ಓದುಗನಿಗೋ ಸಂಪಾದಕನಿಗೋ ಇಲ್ಲದಿರಬಹುದು. ಆದರೆ ಊರಿನ ಸ್ಮರಣ ಸಂಚಿಕೆಯಲ್ಲಿ, ಮದರಸದ ಕ್ಯಾಲೆಂಡರಿನಲ್ಲಿ, ಸಂಘದ ಆಮಂತ್ರಣ ಪತ್ರಿಕೆಯಲ್ಲಿ ಚಿತ್ರ ಹಾಕುವಾಗ ಮೂಲ ಛಾಯಾಚಿತ್ರ ಯಾರದೆಂದು ವಿಚಾರಿಸಿ, ಅಡಿಯಲ್ಲಿ ಒಂದು ಸಾಲು ಸೇರಿಸಲು ನಮ್ಮಲ್ಲಿ ಯಾರಿಗೂ ಅಡ್ಡಿಯಿಲ್ಲ. ಅದಕ್ಕೆ ಬೇಕಾಗುವುದು ಅರ್ಧ ಅಂಗುಲ ಜಾಗ, ಮತ್ತು ಸ್ವಲ್ಪ ಪ್ರಾಮಾಣಿಕತೆ.